ದೇವರ ಗೂಡು ಬಿಟ್ಟ ಮೇಸ್ತ್ರಿಗೆ

2022ರ ಮಳೆ ನೆನಪಿದೆ ಅಲ್ವಾ? 1933ರ ನಂತರ ಮೊದಲ ಸಲ ಮಾರಿಕಣಿವೆ ಡ್ಯಾಂ ಕೋಡಿ ಬಿದ್ದ ವರ್ಷ. ಹಿರಿಯೂರು ಕಡೆಯ ನಮ್ಮೂರಲ್ಲಿ ಅಜ್ಜಿಯ ಮಣ್ಣಿನ ಗೋಡೆ ರಾತ್ರೋರಾತ್ರಿ ಕುಸಿಯಿತು. ಬಂದು ಫೋಟೊ ಹೊಡೆದುಕೊಂಡು ಹೋದವರೇ ಜಾಸ್ತಿ.

ಆಮೇಲೆ ಒಂದು ಭಾನುವಾರ, ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿಕೊಂಡು ಆರು ಜನ ಟೆಂಪೊದಲ್ಲಿ ಬಂದರು. ಕರಣೆ, ಬಾಂಡ್ಲಿ, ಇಟ್ಟಿಗೆ ಎಲ್ಲ ಅವರದೇ. ಜೊತೆಗೊಬ್ಬರು ವಯಸ್ಸಾದ ಮೇಸ್ತ್ರಿ. ಕೆಸರಲ್ಲಿ ಸಿಕ್ಕ ಮಾರಮ್ಮನ ಪಟವನ್ನು ಹೆಗಲ ಮೇಲಿನ ಟವೆಲ್‌ನಿಂದಲೇ ಒರೆಸಿದರು. "ಅಜ್ಜಿ, ದೇವರ ಗೂಡು ಎಲ್ಲಿತ್ತು?" ಎಂದು ಕೇಳಿ, ಹೊಸ ಗೋಡೆಯಲ್ಲೂ ಅದೇ ಜಾಗಕ್ಕೆ ಗೂಡು ಬಿಟ್ಟರು. ನಾಲ್ಕು ಭಾನುವಾರ ಹಿಡಿಯಿತು. ನಮ್ಮಿಂದ ತೆಗೆದುಕೊಂಡಿದ್ದು ಬರೀ ಟೀ.

ಗೋಡೆ ಎದ್ದ ರಾತ್ರಿ ಅಜ್ಜಿ ಗೊರಕೆ ಹೊಡೆದರು. ನಾನು ಸುಮ್ನೆ ಕೇಳುತ್ತಾ ಕೂತಿದ್ದೆ. ಯಜಮಾನ್ರೇ, ನಿಮ್ಮ ಹೆಸರು ಕೇಳೋದೇ ಮರೆತೆ. ತುಂಬಾ ಥ್ಯಾಂಕ್ಸ್.