ಸಂಪಾದಕೀಯ: ಒಂದು ಪೀರಿಯಡ್ ಫುಟ್ಬಾಲ್

ಭಾನುವಾರ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಸಂಚಿಕೆ ಅಚ್ಚಿಗೆ ಹೋಗಬೇಕು, ಈ ಪುಟವೊಂದೇ ಖಾಲಿ ಉಳಿದಿದೆ. ಬಸವ ಜಯಂತಿಯ ಬಗ್ಗೆ ಬರೆಯೋಣವೆಂದಿದ್ದೆ. ಆದರೆ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಿಂದ ಬಂದ ಮೇಲೆ ಬೇರೇನನ್ನೂ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಎಫ್‌ಎ, ಅಂದರೆ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆಯ, 2025ರ ಮಹಿಳಾ ಕಪ್ ಫೈನಲ್ ನೋಡಲು ಇಲ್ಲಿನ ನಮ್ಮ ಕನ್ನಡ ಸಂಘದ ನಾಲ್ಕು ಮನೆಯವರು ಸೇರಿ ಹೋಗಿದ್ದೆವು. ಹಿಂದಿನ ವರ್ಷ ಕಪ್ ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಚೆಲ್ಸಿ 3-0 ಗೋಲುಗಳಿಂದ ಸೋಲಿಸಿತು. ಸ್ಯಾಂಡಿ ಬಾಲ್ಟಿಮೋರ್ ಎರಡು, ಕಟರೀನಾ ಮಕಾರಿಯೋ ಒಂದು. ಸೇರಿದ್ದವರು 74,412 ಜನ. ವಿರಾಮಕ್ಕೆ ತುಸು ಮುಂಚೆ ಬಾಲ್ಟಿಮೋರ್ ಪೆನಾಲ್ಟಿ ಒದೆಯಲು ನಿಂತಾಗ ನನ್ನ ಒಂಬತ್ತು ವರ್ಷದ ಮಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಗೋಲಾಯಿತು. ಆ ಗದ್ದಲದಲ್ಲೇ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು: "ಅಮ್ಮಾ, ಸ್ಕೂಲಲ್ಲಿ ನೀನು ಯಾವ ಪೊಸಿಷನ್ ಆಡ್ತಿದ್ದೆ?"

ಆಡ್ತಿದ್ದೆಯಾ ಅಂತಲ್ಲ. ಆಡಿಯೇ ಇರುತ್ತೇನೆ ಅಂದುಕೊಂಡು ಕೇಳಿದ್ದಳು.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ದೊಡ್ಡ ಮೈದಾನ ಗಂಡುಹುಡುಗರದ್ದು. ನಮಗೆ ಕಟ್ಟಡದ ಹಿಂದಿನ ಜಾಗ, ಒಂದು ರಿಂಗು, ಒಂದು ಥ್ರೋಬಾಲು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲದ ದಿನ ಹುಡುಗರೆಲ್ಲ ಹೋಬಳಿ ಮಟ್ಟದ ಪಂದ್ಯಕ್ಕೆ ಹೋಗಿದ್ದರು. ಪಿಟಿ ಕೋಣೆಯ ಬಾಗಿಲು ತೆರೆದೇ ಇತ್ತು. ಮೂಲೆಯಲ್ಲಿ ಹೊಲಿಗೆ ಬಿಟ್ಟ ಫುಟ್ಬಾಲು. ಏಳು ಜನ ಹುಡುಗಿಯರು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೈದಾನಕ್ಕೆ ಇಳಿದೆವು. ಚಪ್ಪಲಿಗಳನ್ನು ಬಿಟ್ಟು ಗೋಲು ಗುರುತು ಮಾಡಿ ನನ್ನನ್ನು ಅಲ್ಲಿ ನಿಲ್ಲಿಸಿದರು. ನೀರು ಕುಡಿದ ಚೆಂಡು ಕಲ್ಲಿನಷ್ಟು ಭಾರ. ಹೊಟ್ಟೆಗೆ ಬಡಿದಾಗ ಉಸಿರು ಕಟ್ಟಿತು, ಆದರೂ ಬಿಡಲಿಲ್ಲ, ತಬ್ಬಿಕೊಂಡು ಕೆಸರಿನಲ್ಲಿ ಬಿದ್ದೆ. ಬೆಲ್ ಹೊಡೆಯುವವರೆಗೂ ಆಡಿದೆವು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಏಳೂ ಜನರನ್ನು ಮುಂದೆ ನಿಲ್ಲಿಸಿದರು. ಪಿಟಿ ಕೋಣೆಗೆ ಬೀಗ ಬಿತ್ತು. ಮತ್ತೆಂದೂ ನಾನು ಆ ಚೆಂಡು ಮುಟ್ಟಲಿಲ್ಲ. ಬಚ್ಚಲ ಕಲ್ಲಿನ ಮೇಲೆ ನನ್ನ ಲಂಗ ತಿಕ್ಕುತ್ತಾ ಅಮ್ಮ ಕೇಳಿದ್ದಳು, "ಎಲ್ಲಿ ಬಿದ್ಯೇ?" ಜಾರಿದೆ ಅಂದೆ. "ಜಾರಿ ಬಿದ್ದವ್ರ ಮುಖ ಹೀಗಿರಲ್ಲ" ಅಂದವಳು ಮುಂದೆ ಏನೂ ಕೇಳಲಿಲ್ಲ.

"ಗೋಲ್‌ಕೀಪರ್" ಎಂದು ಮಗಳಿಗೆ ಹೇಳಿದೆ. ಎಷ್ಟು ಮ್ಯಾಚ್ ಎಂದಳು. ಒಂದು ಎಂದೆ.

ಬರುವಾಗ ರೈಲಿನಲ್ಲಿ ಇನ್ನೊಂದು ಪ್ರಶ್ನೆ: ಗಂಡಸರ ಎಫ್‌ಎ ಕಪ್ ಫೈನಲ್ 1872ರಲ್ಲೇ ನಡೆದಿದ್ದರೆ, ಹೆಂಗಸರ ಕಪ್ಪಿನ ಮೊದಲ ಫೈನಲ್ 1971ರವರೆಗೆ ಯಾಕೆ ಕಾಯಬೇಕಾಯಿತು? ಅದನ್ನು ಮಕ್ಕಳಿಗೆ ಮುಚ್ಚಿಡುವುದು ತಪ್ಪು. 1920ರ ಕ್ರಿಸ್ಮಸ್ ಸಮಯದಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ, ಪ್ರೆಸ್ಟನ್ನಿನ ಕಾರ್ಖಾನೆ ಹುಡುಗಿಯರ ಡಿಕ್ ಕೆರ್ ತಂಡದ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಒಳಗೆ ಜಾಗವಿಲ್ಲದೆ ಸಾವಿರಾರು ಜನ ಹೊರಗೇ ಉಳಿದರು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಎಫ್‌ಎ ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಸುಮಾರು ಐವತ್ತು ವರ್ಷದ ಬೀಗ. 1971ರ ಮೇ ತಿಂಗಳಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸೌತಾಂಪ್ಟನ್ ತಂಡ ಸ್ಕಾಟ್ಲೆಂಡಿನ ಸ್ಟೂವರ್ಟನ್ ಥಿಸಲ್ ತಂಡವನ್ನು 4-1ರಿಂದ ಸೋಲಿಸಿ ಮೊದಲ ಕಪ್ ಎತ್ತಿತು. ವೆಂಬ್ಲಿಯಲ್ಲಿ ಈ ಫೈನಲ್ ನಡೆದದ್ದು 2015ರಿಂದ ಈಚೆಗೆ ಮಾತ್ರ.

ನಮ್ಮ ಸಂಘದ ಕ್ರೀಡಾದಿನವನ್ನೂ ನೆನಪಿಸಿಕೊಳ್ಳಿ. ಗಂಡಸರಿಗೆ, ಹುಡುಗರಿಗೆ ದಿನವಿಡೀ ಕ್ರಿಕೆಟ್. ಹೆಂಗಸರಿಗೆ ಊಟದ ನಂತರ ಮ್ಯೂಸಿಕಲ್ ಚೇರ್, ಲೆಮನ್ ಸ್ಪೂನ್. ಯಾರೂ ಬೇಕೆಂದು ಮಾಡಿದ್ದಲ್ಲ, ನಾನೇ ಎರಡು ವರ್ಷ ಆ ಪಟ್ಟಿ ಟೈಪ್ ಮಾಡಿದ್ದೇನೆ. ಈ ಬಾರಿ ಅರ್ಧ ದಿನ ಮೈದಾನ ಹುಡುಗಿಯರ ಫುಟ್ಬಾಲಿಗೆ ಬಿಟ್ಟುಕೊಡಬೇಕೆಂದು ಸಮಿತಿಯನ್ನು ಕೇಳುತ್ತಿದ್ದೇನೆ.

ಇನ್ನು ಸೂಚನೆಗಳು, ಜಾಗ ಕಡಿಮೆ: ಕನ್ನಡ ತರಗತಿಗೆ ಶಾಲಾ ರಜೆಯ ವಾರ ಬಿಡುವು. ಬೇಸಿಗೆ ಪಿಕ್ನಿಕ್ಕಿಗೆ ಅಡುಗೆ ಪಟ್ಟಿ ತಿರುಗುತ್ತಿದೆ, ಎಲ್ಲರೂ ಚಿತ್ರಾನ್ನವನ್ನೇ ಬರೆದಿದ್ದಾರೆ, ದಯವಿಟ್ಟು ಯಾರಾದರೂ ಬದಲಾಯಿಸಿಕೊಳ್ಳಿ. ಸದಸ್ಯತ್ವ ನವೀಕರಣ ತಿಂಗಳ ಕೊನೆಯೊಳಗೆ. ನಾಟಕದ ತಾಲೀಮು ಎಂದಿನಂತೆ ಶುಕ್ರವಾರ ಸಂಜೆ.

ಮುಂದಿನ ಸಂಚಿಕೆಗೆ ಪುಟ ಜೋಡಿಸಲು, ಕರಡು ತಿದ್ದಲು ಇಬ್ಬರು ಬೇಕು. ಆರು ಸಂಚಿಕೆಗಳಿಂದ ಒಬ್ಬಳೇ ಮಾಡುತ್ತಿದ್ದೇನೆ, ಇನ್ನು ಆಗುತ್ತಿಲ್ಲ. ಹುಡುಗಿಯರ ಅಭ್ಯಾಸಕ್ಕೆ ಡಿಬಿಎಸ್ ತಪಾಸಣೆ (ಮಕ್ಕಳ ಜೊತೆ ಕೆಲಸ ಮಾಡುವವರ ಅಪರಾಧ ದಾಖಲೆಯ ಪರಿಶೀಲನೆ) ಆಗಿರುವ ಇಬ್ಬರು ದೊಡ್ಡವರು ಬೇಕು. ಆಟ ಬರದಿದ್ದರೂ ಪರವಾಗಿಲ್ಲ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಗುರುವಾರದೊಳಗೆ ಹೆಸರು ಹಾಕಿ. ಅಮ್ಮಂದಿರೂ ಹಾಕಬಹುದು. ಗೋಲ್‌ಕೀಪರ್ ಜಾಗಕ್ಕೆ ನನ್ನ ಹೆಸರನ್ನು ಮಗಳು ಆಗಲೇ ಬರೆದಿದ್ದಾಳೆ.