ಅಜ್ಜಿಯ ‘ಅಂತೆ’ ಎಲ್ಲಿ ಹೋಯಿತು?

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಕೈಸೇರಿ ಹದಿನೈದು ದಿನವಾಯಿತು. ಜೊತೆಗಿದ್ದ ಚೀಟಿಯನ್ನೇ ಮೊದಲು ಓದಿದೆ. ಇಬ್ಬರು ಪ್ರಕಾಶಕರು ವಾಪಸ್ ಕಳಿಸಿದ್ದಾರೆ, ‘ಬರೆಯೋದು ಬಿಟ್ಟುಬಿಡಲಾ ಸರ್’ ಅಂತ ಕೇಳಿದ್ದೀಯ. ಬಿಡಬೇಡ. ಕೆರೆ ಏರಿಯ ಮೇಲೆ ನಿನ್ನಪ್ಪ ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬರುವ ಆ ಎರಡು ಪುಟ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಕಾಗುಣಿತ, ಅಧ್ಯಾಯಗಳ ಹೊಂದಿಕೆ ಇವನ್ನೆಲ್ಲ ಯಾರಾದರೂ ತಿದ್ದಿಕೊಟ್ಟಾರು. ನನಗೆ ನಿದ್ದೆ ಕೆಡಿಸಿದ್ದು 32ನೇ ಪುಟ.

ಅಲ್ಲಿ ಗುಡಿಯ ಉತ್ಸವಮೂರ್ತಿ ಕಳುವಾದ ಸಂಗತಿ ಇದೆ. ‘ಅವನೇ ಕದ್ದ’ ಅಂತ ಬರೆದು, ಆ ಮನುಷ್ಯನ ಹೆಸರನ್ನೂ ಅವನ ಬೀದಿಯನ್ನೂ ಹಾಕಿದ್ದೀಯ. ಹಸ್ತಪ್ರತಿಯ ಕೊನೆಯಲ್ಲಿ ಅಜ್ಜಿಯ ಮಾತನ್ನು ಫೋನಿನಲ್ಲಿ ಹಿಡಿದು ಇದ್ದದ್ದು ಇದ್ದಹಾಗೆ ಇಳಿಸಿದ್ದೀಯಲ್ಲ, ಅದನ್ನು ತೆಗೆದು ನೋಡು: ‘ಅವ್ನೇ ಕದ್ನಂತೆ ಕಣಪ್ಪ. ನಾನೇನ್ ಕಂಡಿಲ್ಲ.’ ಅವಳ ಬಾಯಿಂದ ನಿನ್ನ ಪೆನ್ನಿಗೆ ಬರುವಷ್ಟರಲ್ಲಿ ‘ಅಂತೆ’ ಉದುರಿಹೋಯಿತು. ಅದರ ಹಿಂದೆಯೇ ‘ನಾನೇನ್ ಕಂಡಿಲ್ಲ’ ಕೂಡ. ಸಹಿ ಹಾಕಲು ಬಾರದ ಆ ಮುದುಕಿ ತಾನು ಕಂಡದ್ದೆಷ್ಟು, ಕೇಳಿದ್ದೆಷ್ಟು ಅಂತ ಗೆರೆ ಎಳೆದು ಹೇಳಿದ್ದಾಳೆ. ಎಂ.ಎ. ಓದಿದ ನೀನು ಆ ಗೆರೆ ಅಳಿಸಿದ್ದೀಯ. ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ.

ಮೊಕದ್ದಮೆ ಇನ್ನೂ ನಡೆಯುತ್ತಿದೆ ಅಂತ ನೀನೇ ಬರೆದಿದ್ದೀಯ. ಎಫ್‌ಐಆರ್ ಅಂದರೆ ಠಾಣೆಗೆ ಬಂದ ದೂರು ದಾಖಲಾಯಿತು ಅಂತ ಅಷ್ಟೆ. ಚಾರ್ಜ್‌ಶೀಟು ಪೊಲೀಸರು ತನಿಖೆ ಮಾಡಿ ಮುಟ್ಟಿದ ಅಭಿಪ್ರಾಯ. ತೀರ್ಪು ಬರುವತನಕ ಅವನು ಆರೋಪಿ. ಅಪರಾಧಿ ಅನ್ನುವ ಅಧಿಕಾರ ತೀರ್ಪಿಗೆ ಮಾತ್ರ ಇದೆ. ‘ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದಾನೆ’ ಅನ್ನುವ ಸಾಲನ್ನು ಪತ್ರಿಕೆಯಿಂದ ಎತ್ತಿಕೊಂಡಿದ್ದೀಯ. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತಿಗೆ ಬಳಸುವಂತಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಕೋರ್ಟಿನಲ್ಲಿ ನಿಲ್ಲದ ಮಾತನ್ನು ನೀನು ಪುಸ್ತಕದಲ್ಲಿ ನಿಲ್ಲಿಸಿದ್ದೀಯ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಮೂವತ್ತೈದು ವರ್ಷದ ಹಿಂದೆ ಜಿಲ್ಲಾ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಸಹಕಾರ ಸಂಘವೊಂದರ ಕಾರ್ಯದರ್ಶಿಯ ಬಂಧನದ ಸುದ್ದಿ ರಾತ್ರಿ ಬಂತು. ತಲೆಬರಹ ಎರಡು ಕಾಲಮಿಗೆ ಕೂರುತ್ತಿರಲಿಲ್ಲ. ‘ಆರೋಪ’ ಅನ್ನುವ ಮೂರಕ್ಷರ ತೆಗೆದೆ, ಕೂತಿತು. ‘ರೈತರ ಹಣ ನುಂಗಿದ ಕಾರ್ಯದರ್ಶಿ ಸೆರೆ.’ ಆರು ವರ್ಷದ ಮೇಲೆ ಅವರು ಖುಲಾಸೆಯಾದರು. ತೀರ್ಪಿನ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಆಫೀಸಿಗೆ ಬಂದು, ‘ಇದನ್ನೂ ಹಾಕ್ತೀರಾ ಸ್ವಾಮಿ?’ ಅಂದರು. ಒಳಪುಟದಲ್ಲಿ ನಾಲ್ಕು ಸಾಲು ಹಾಕಿದೆವು. ಮಾರನೆಯ ದಿನ ಮತ್ತೆ ಬಂದು, ನಿಂತೇ ಓದಿ, ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದು ಕೈಮುಗಿಯಬೇಕಿತ್ತು.

ಹಾಗಂತ ‘ಎನ್ನಲಾಗಿದೆ’, ‘ಹೇಳಲಾಗುತ್ತದೆ’ ಅಂತ ತುರುಕಿದರೆ ಆಗಲಿಲ್ಲ. ಯಾರು ಅಂದರು, ಯಾರು ಹೇಳಿದರು? ಆ ಕ್ರಿಯಾಪದಗಳಿಗೆ ಬಾಯಿಯೇ ಇಲ್ಲ. ಬರೆದವನು ಹೊಣೆ ಹೊರುವುದಿಲ್ಲ, ಮಾತು ಮಾತ್ರ ಊರೆಲ್ಲ ಸುತ್ತಿ ಬರುತ್ತದೆ. ‘ಪೊಲೀಸರು ಹೀಗೆ ಆರೋಪಿಸಿದ್ದಾರೆ’, ‘ಅರ್ಚಕರು ಹೀಗೆ ದೂರಿದ್ದಾರೆ’, ‘ಅಜ್ಜಿ ಹೀಗೆ ಕೇಳಿದ್ದಳು’ ಅನ್ನು. 58ನೇ ಪುಟದಲ್ಲಂತೂ ‘ಕೆರೆ ಬತ್ತಿದೆ ಎನ್ನಲಾಗುತ್ತಿದೆ’ ಅಂತ ಬರೆದಿದ್ದೀಯಲ್ಲೋ! ಬಿರಿದ ಕೆರೆಯಂಗಳದಲ್ಲಿ ನಡೆದು ಚಪ್ಪಲಿ ಕಿತ್ತುಹೋದದ್ದು ಯಾರದು? ನೀನು ಕಂಡದ್ದು ಅದು. ಬತ್ತಿದೆ ಅಂತ ಬರೆ.

ವೀರಗಲ್ಲಿನ ಅಧ್ಯಾಯದಲ್ಲೂ ಅದೇ ಅವಸರ. ಅಕ್ಷರವೇ ಇಲ್ಲದ ಕಲ್ಲಿಗೆ ಸಾವಿರ ವರ್ಷ ಅಂತ ಬರೆದಿದ್ದೀಯ. ಹಲ್ಮಿಡಿ ಶಾಸನದಲ್ಲಿ ಕಾಲ ನಮೂದಾಗಿಲ್ಲ, ಆದ್ದರಿಂದಲೇ ವಿದ್ವಾಂಸರು ‘ಸುಮಾರು ಕ್ರಿ.ಶ. 450’ ಅನ್ನುತ್ತಾರೆ, ಅದರ ಮೇಲೂ ವಾದ ಮಾಡುತ್ತಾರೆ. ಆ ‘ಸುಮಾರು’ ನನಗೆ ಬಹಳ ಇಷ್ಟದ ಪದ. ಐತಿಹ್ಯ, ಪ್ರತೀತಿ, ಊಹೆ, ಗುಮಾನಿ, ವದಂತಿ: ಒಂದೊಂದರ ತೂಕ ಒಂದೊಂದು. ಗುಮಾನಿಯನ್ನು ಪ್ರತೀತಿ ಅಂದರೆ ಒಬ್ಬನ ಅನುಮಾನವನ್ನು ಇಡೀ ಊರಿನ ತಲೆಗೆ ಕಟ್ಟಿದ ಹಾಗೆ.

2018ರ ಜುಲೈ ನಿನಗೆ ನೆನಪಿರಬೇಕು. ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಯಿತು. ಮಕ್ಕಳ ಕಳ್ಳರು ಅನ್ನುವ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಜನ ಬಡಿದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ‘ಕಳ್ಳರಂತೆ’ ಅಂದಿದ್ದರೆ ಯಾರಾದರೂ ಒಬ್ಬ ‘ಯಾರು ಅಂದದ್ದು?’ ಅಂತ ಕೇಳುತ್ತಿದ್ದನೇನೋ ಅಂತ ಇವತ್ತಿಗೂ ಅನ್ನಿಸುತ್ತದೆ.

ಆ ಮನುಷ್ಯನ ಕೇಸಿಗೆ ಬರುವ ತಿಂಗಳು ವಾಯಿದೆ ಇದೆ ಅಂದಿದ್ದೀಯ. ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೋ. ಅದಕ್ಕೂ ಮೊದಲು ಅಜ್ಜಿಯ ಹತ್ತಿರ ಹೋಗಿ, ‘ಆ ಮಾತು ನಿನಗೆ ಹೇಳಿದ್ದು ಯಾರಜ್ಜಿ’ ಅಂತ ಕೇಳು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ನನಗೆ ಬರೆ. ಹಸ್ತಪ್ರತಿ ನನ್ನಲ್ಲೇ ಇರಲಿ, 32ನೇ ಪುಟವೊಂದನ್ನು ಈ ಕವರಿನಲ್ಲಿಟ್ಟಿದ್ದೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಮೇಷ್ಟ್ರು