ಕಿನ್ನಾಳದ ಬಗ್ಗೆ ಬರೆದ ತಂಗಿಗೆ

ಬಳ್ಳಾರಿ

ಪ್ರೀತಿಯ ತಂಗೀ,

ನಿನ್ನ ಕಿನ್ನಾಳ ಗೊಂಬೆಗಳ ಲೇಖನ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. "ಇಷ್ಟು ಕಷ್ಟಪಟ್ಟರೂ ಗೂಗಲ್‌ನಲ್ಲಿ ನಾಲ್ಕನೇ ಪುಟದಲ್ಲೂ ಕಾಣಲ್ಲ, ನನಗೆ ಬರೆಯೋಕೇ ಬರಲ್ಲ ಅನ್ನಿಸ್ತಿದೆ" ಎಂದಿದ್ದೀಯ. ಆ ಮಾತಿಗೆ ಸಂಕಟವಾಯಿತು. ಲೇಖನ ಓದಿದಾಗ ಸಿಟ್ಟೂ ಬಂತು. ಎರಡನ್ನೂ ಹೇಳಿಬಿಡುತ್ತೇನೆ.

ಶೀರ್ಷಿಕೆ ಎಷ್ಟು ಉದ್ದ ಇರಬೇಕು, ಚಿತ್ರದ ಆಲ್ಟ್ ಟೆಕ್ಸ್ಟ್‌ನಲ್ಲಿ (ಚಿತ್ರದಲ್ಲಿ ಏನಿದೆ ಎಂದು ಹೇಳುವ ಬರಹದಲ್ಲಿ) ಏನು ಹಾಕಬೇಕು, ಲೇಖನ ಎಷ್ಟು ಪದ ಇರಬೇಕು ಅಂತೆಲ್ಲ ಕೇಳಿದ್ದೀಯ. ಇವು ಒಂದು ಮಧ್ಯಾಹ್ನದಲ್ಲಿ ಕಲಿಯುವ ಸಂಗತಿ. ಗೂಗಲ್‌ನವರೇ ಹೊಸಬರಿಗೆಂದು ಕೈಪಿಡಿ ಬರೆದಿಟ್ಟಿದ್ದಾರೆ, ಓದಿಕೋ.

ನಿನ್ನ ಮೊದಲ ಪ್ಯಾರಾ ಹೀಗಿದೆ: "ಕಿನ್ನಾಳ ಗೊಂಬೆ ಕೊಪ್ಪಳ ಎಲ್ಲರಿಗೂ ಇಷ್ಟ. ಕಿನ್ನಾಳ ಗೊಂಬೆ ಕೊಪ್ಪಳ ಕೊಳ್ಳಲು ದೂರದಿಂದ ಜನ ಬರುತ್ತಾರೆ. ಕಿನ್ನಾಳ ಗೊಂಬೆ ಕೊಪ್ಪಳ ಇತಿಹಾಸ ದೊಡ್ಡದು." ಇದನ್ನು ಅಮ್ಮನ ಮುಂದೆ ಗಟ್ಟಿಯಾಗಿ ಓದು. ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರಾ? ಹುಡುಕುವವರು ಅವಸರದಲ್ಲಿ ವಿಭಕ್ತಿ ಬಿಟ್ಟು, ಮೂರು ಪದ ಒಟ್ಟಿಗೆ ಟೈಪ್ ಮಾಡುತ್ತಾರೆ. ಉತ್ತರ ಕೊಡುವ ನೀನೂ ಯಾಕೆ ಹಾಗೆ ಬರೆಯಬೇಕು? "ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮಾಡುವ ಗೊಂಬೆಗಳು" ಅಂತ ಬರಿ. ಗೂಗಲ್ ಬರೀ ಅಕ್ಷರ ಹೊಂದಿಸಿ ನೋಡುವ ಕಾಲ ಎಂದೋ ಹೋಯಿತು. 2013ರ ಹಮ್ಮಿಂಗ್‌ಬರ್ಡ್, 2019ರ ಬರ್ಟ್, ಹುಡುಕಾಟದಲ್ಲಿ ಗೂಗಲ್ ಮಾಡಿದ ಈ ಬದಲಾವಣೆಗಳೆಲ್ಲ ಆಗಿದ್ದು ಕೇಳುವವರ ಮಾತಿನ ಅರ್ಥ ಹಿಡಿಯುವುದಕ್ಕೇ.

ಜನ ಹುಡುಕುವ ಪದವನ್ನು, ಅಂದರೆ ಕೀವರ್ಡನ್ನು, ಹೀಗೆ ಮತ್ತೆ ಮತ್ತೆ ತುರುಕುವ ಚಟ ನಿನಗೆ ಯಾರು ಹಚ್ಚಿದರೋ ನನಗೆ ಗೊತ್ತಿಲ್ಲ. ಆದರೆ ಅಂಥವರನ್ನು ನಾನು ಬಲ್ಲೆ. ಹಿಂದೆ ಒಂದು ಜಾಲತಾಣಕ್ಕೆ ಬರೆಯುತ್ತಿದ್ದೆ. ಅಲ್ಲಿನ ಸಂಪಾದಕರಿಗೆ ನೂರು ಪದಕ್ಕೆ ಮೂರು ಸಲ ಕೀವರ್ಡ್ ಬರಲೇಬೇಕು. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ಬಗ್ಗೆ ಬರೆದುಕೊಟ್ಟೆ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. ಶಾಸನದಲ್ಲೇ ಅದಕ್ಕೆ 'ದೇವಾಲಯ ಚಕ್ರವರ್ತಿ' ಎಂಬ ಹೆಸರಿದೆ. ಆ ಹೆಸರನ್ನು ಹುಡುಕುವವರು ಯಾರೂ ಇಲ್ಲ ಎಂದು ಅದನ್ನು ತೆಗೆದರು. ಆ ಜಾಗದಲ್ಲಿ 'ಕೊಪ್ಪಳ ಪ್ರವಾಸಿ ತಾಣಗಳು' ಎಂದು ತುರುಕಿದರು. ನನ್ನ ಹೆಸರಲ್ಲೇ ಪ್ರಕಟವಾಯಿತು. ಆ ಸಿಟ್ಟು ಇವತ್ತಿಗೂ ಆರಿಲ್ಲ. ಹೀಗೆ ಕೀವರ್ಡ್ ತುರುಕುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಹೆಸರಿಟ್ಟೇ ಬೇಡ ಎಂದಿದೆ. ಪುಟದ ಕೋಡ್‌ನಲ್ಲಿ ಇಡುವ ಮೆಟಾ ಕೀವರ್ಡ್‌ಗಳನ್ನು ತಾನು ನೋಡುವುದೇ ಇಲ್ಲ ಎಂದು 2009ರಲ್ಲೇ ಹೇಳಿತ್ತು. ಆದರೂ ಹೇಳಿಕೊಡುವವರು ಇನ್ನೂ ಇದ್ದಾರೆ, ನಿನ್ನಂಥವರು ನಂಬುತ್ತೀರಿ.

ಇದಕ್ಕಿಂತ ದೊಡ್ಡ ತಪ್ಪು ನಿನ್ನ ಶೀರ್ಷಿಕೆಯಲ್ಲಿದೆ. 'ಕಿನ್ನಾಳ ಗೊಂಬೆಗಳ ಇತಿಹಾಸ, ತಯಾರಿಕೆ ಮತ್ತು ಬೆಲೆ' ಎಂದು ಹಾಕಿದ್ದೀಯ. ಲೇಖನ ಪೂರ್ತಿ ಹುಡುಕಿದೆ, ಬೆಲೆ ಎಲ್ಲೂ ಇಲ್ಲ. 'ಬೆಲೆ' ಅಂತ ಜನ ಜಾಸ್ತಿ ಹುಡುಕುತ್ತಾರೆ ಎಂದು ಯಾವುದೋ ಟೂಲ್ ತೋರಿಸಿತು, ನೀನು ಹಾಕಿಬಿಟ್ಟೆ. ಅಲ್ವಾ? ಮನೆಯಲ್ಲಿ ಗೊಂಬೆ ಕೂರಿಸಲು ಹಣ ಹೊಂದಿಸುತ್ತಿರುವ ಯಾರೋ ಅದನ್ನು ನೋಡಿ ಒಳಗೆ ಬರುತ್ತಾರೆ. ಕೊನೇತನಕ ಓದಿ ಬರಿಗೈಲಿ ವಾಪಸ್ ಹೋಗುತ್ತಾರೆ. ತಂಗೀ, ಇದು ಸುಳ್ಳು. ಕೀವರ್ಡ್ ಹಾಕಿದೆ ಎಂದರೆ ಆ ಪ್ರಶ್ನೆಗೆ ಉತ್ತರ ಕೊಡುತ್ತೇನೆ ಎಂದು ಮಾತು ಕೊಟ್ಟ ಹಾಗೆ. ಉತ್ತರ ಇಲ್ಲದಿದ್ದರೆ, ಆ ಪದವನ್ನು ಎಷ್ಟೇ ಜನ ಹುಡುಕಲಿ, ಮುಟ್ಟಬೇಡ. ನೀನು ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡ.

ಈಗ ನನಗೆ ಖುಷಿ ಕೊಟ್ಟದ್ದು. ಏಳೆಂಟು ಪ್ಯಾರಾ ದಾಟಿದ ಮೇಲೆ ನೀನು ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಕೂತು ನೋಡಿದ್ದನ್ನು ಬರೆದಿದ್ದೀಯ. ಸೆಣಬಿನ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿ 'ಕಿಟ್ಟ' ಮಾಡುವುದು. ಅದರಿಂದ ಮೈಯ ಭಾಗಗಳನ್ನು ಜೋಡಿಸುವುದು. ಒಡವೆಗಳನ್ನು ಉಬ್ಬಿಸಲು ಕಲ್ಲಿನ ಪುಡಿಗೆ ಅಂಟು ಕಲಸುವುದು. ಅಲ್ಲಿ ನೀನು ಕೀವರ್ಡ್ ನೆನಪೇ ಮಾಡಿಕೊಂಡಿಲ್ಲ. ಆದರೆ 'ಕಿನ್ನಾಳ ಗೊಂಬೆ ಹೇಗೆ ಮಾಡುತ್ತಾರೆ' ಎಂದು ಹುಡುಕುವವರಿಗೆ ಬೇಕಾದ ಪದಗಳೆಲ್ಲ ಅಲ್ಲೇ ಇವೆ. ಬರೆಯೋಕೆ ಬರದವರಿಗೆ ಇಂಥ ಪ್ಯಾರಾ ಬರೆಯಲು ಆಗುವುದಿಲ್ಲ. ಅದನ್ನು ಮೇಲಕ್ಕೆ ತಾ. ಈಗಿನ ಮೊದಲ ಮೂರು ಪ್ಯಾರಾ ಕಿತ್ತುಹಾಕು.

ಹೆಸರುಗಳ ವಿಷಯ ಒಂದು. ನಮ್ಮ ಊರು 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಬಳ್ಳಾರಿ ಆಯಿತು, ಆದರೂ ಹಳೆಯ ಬೆಲ್ಲಾರಿ ಎಂದು ಟೈಪ್ ಮಾಡುವವರು ಇದ್ದೇ ಇದ್ದಾರೆ. ಕಿನ್ನಾಳವನ್ನೂ ಕೆಲವರು ಕಿನ್ಹಾಳ ಎನ್ನುತ್ತಾರೆ. "ಕಿನ್ಹಾಳ ಎಂದೂ ಕರೆಯುವ ಈ ಊರು" ಎಂದು ಒಂದು ಸಲ ಸಹಜವಾಗಿ ಹೇಳು, ಸಾಕು.

ಮುಂದಿನ ವಾರ ಮತ್ತೆ ಕಿನ್ನಾಳಕ್ಕೆ ಹೋಗು. ಚಿಕ್ಕ ಗೊಂಬೆಗೆ ಎಷ್ಟು, ದೊಡ್ಡ ಗೌರಿಗೆ ಎಷ್ಟು, ಮೊದಲೇ ಹೇಳಿ ಮಾಡಿಸಿದರೆ ಎಷ್ಟು ದಿನ ಹಿಡಿಯುತ್ತದೆ, ಎಲ್ಲ ಕೇಳಿಕೊಂಡು ಬಾ. ಯಾವ ತಿಂಗಳ ಬೆಲೆ ಎಂದೂ ಬರಿ. ಪ್ರಕಟಿಸಿದ ಮೇಲೆ ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಟೂಲ್ ತೆರೆದು ಜನ ಏನು ಕೇಳಿಕೊಂಡು ಬರುತ್ತಿದ್ದಾರೆ ನೋಡು. ಅವರು ಕೇಳಿದ್ದು ಲೇಖನದಲ್ಲಿ ಇಲ್ಲದಿದ್ದರೆ, ತಿಳಿದುಕೊಂಡು ಸೇರಿಸು. ತಿದ್ದಿದ್ದನ್ನು ಮೊದಲು ನನಗೆ ಕಳಿಸು. ದಸರೆಗೆ ಗೊಂಬೆ ಕೂರಿಸುವವರು ಹುಡುಕಲು ಶುರುಮಾಡುವ ಮುಂಚೆ ಇದು ಆಗಬೇಕು.

ನಿನ್ನ
ಅಣ್ಣ